ಒಪ್ಪಿಸದ ಕೂಗು

ಊಟ ಬಲ್ಲವನಿಗೆ ರೋಗವಿಲ್ಲ, ಕೂಗು ಬಲ್ಲವನಿಗೆ ಬಾಗಿಲಿಲ್ಲ. ಗಾದೆ ಕೆಡಿಸಿದೆ ಎಂದು ಹಿರಿಯರು ಬೇಸರ ಮಾಡಿಕೊಳ್ಳಬಾರದು, ನಮ್ಮೂರಿನಲ್ಲಿ ಅದು ಹೀಗೇ ನಡೆಯುತ್ತದೆ. ನಾನು ಬಾಯಿಬಿಟ್ಟರೆ ಹತ್ತಕ್ಕೆ ಆರು ಸುಳ್ಳು ಎಂಬ ಹೆಸರು ನನಗಿದೆ, ಅದೂ ಸುಳ್ಳಲ್ಲ. ಆದರೆ ಇದನ್ನು ನಾನು ಬಾಯಿಬಿಟ್ಟು ಹೇಳುತ್ತಿಲ್ಲ, ಬರೆಯುತ್ತಿದ್ದೇನೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬಾಯಿಬಿಡದೆ ಇರುವುದಕ್ಕೆ ಬೇರೆ ಕಾರಣವೂ ಉಂಟು, ಅದು ಬರುವ ಹೊತ್ತಿಗೆ ಬರುತ್ತದೆ.

ನನ್ನ ಹೆಸರು ಚಕ್ರಪಾಣಿ. ಎಂ.ಎ. ಮಾಡಿದವನು. ಎಂ.ಎ. ಬದಲು ಎಮ್ಮೆ ಮಾಡಿದ್ದರೆ ದಿನಕ್ಕೆರಡು ಹೊತ್ತು ಕರೆಯಬಹುದಿತ್ತು ಎಂದು ನಮ್ಮಪ್ಪ ಸಾಯುವ ತನಕ ಹೇಳಿದರು. ಪುರಸಭೆಯ ವಾಚನಾಲಯದಲ್ಲಿ ಪತ್ರಿಕೆಗಳನ್ನು ಕೋಲಿಗೆ ಸಿಕ್ಕಿಸುವ ಕೆಲಸ ನನ್ನದಾಗಿತ್ತು. ಅಲ್ಲಿ ಯಾರೂ ಮಾತಾಡಕೂಡದು. ಹಾಗಾಗಿ ದಿನವಿಡೀ ಕಟ್ಟಿಕೊಂಡಿದ್ದ ಬಾಯನ್ನು ಸಂಜೆ ಬಿಚ್ಚಿದರೆ ಊರಿನ ಅರ್ಧ ಜನ ಅದರಿಂದ ಹೊರಬರುತ್ತಿದ್ದರು. ಅಧ್ಯಕ್ಷರ ಕೆಮ್ಮು, ಪುರೋಹಿತರ ಗೊರಕೆ, ಹಾಲಿನವನ ಸೈಕಲ್ಲಿನ ಕಿರ್ರು, ಯಾವುದು ಬೇಕೋ ಅದು. ಮಾಡಬಾರದ್ದು ಒಂದೇ ಇತ್ತು. ಪರವಾನಗಿ ಇರುವ ಮಾರಾಟಗಾರರ ಕೂಗನ್ನು ಮಾಡಬಾರದು.

ನಮ್ಮೂರ ಮನೆಗಳ ಬಾಗಿಲು ಪರವಾನಗಿ ಇರುವ ಕೂಗು ಕೇಳಿದರೆ ತಾನಾಗಿ ತೆರೆದುಕೊಳ್ಳುತ್ತದೆ. ಒಳಗಿನವರಿಗೆ ಕೊಳ್ಳುವ ಮನಸ್ಸಿದೆಯೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ಅದಕ್ಕೆ ತಕ್ಕಂತೆ ನಾವು ಬದುಕುತ್ತೇವೆ. ಸೊಪ್ಪಿನವಳು ಬರುವ ಮೊದಲೇ ಗಂಡಸರು ಪಂಚೆ ಸರಿಮಾಡಿಕೊಂಡಿರುತ್ತಾರೆ. ಜಗಳವಾಡುವ ಗಂಡಹೆಂಡತಿ ಉಪ್ಪಿನವನ ಹೊತ್ತಿಗೆ ಒಂದು ಗಳಿಗೆ ನಿಲ್ಲಿಸಿ, ಅವನು ಹೋದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಬಾಣಂತಿ ಇರುವ ಮನೆಯವರು ಕಚೇರಿಗೆ ಅರ್ಜಿ ಕೊಟ್ಟು ಚಿಲಕಕ್ಕೆ ಬೇವಿನ ದಂಡೆ ಕಟ್ಟಿಸಿಕೊಳ್ಳುತ್ತಾರೆ. ಅದಿದ್ದಷ್ಟು ದಿನ ಆ ಬಾಗಿಲು ಯಾರ ಕೂಗಿಗೂ ಅಲ್ಲಾಡುವುದಿಲ್ಲ.

ಇದಕ್ಕೆಲ್ಲ ಹನ್ನೆರಡು ಕಲಮುಗಳ ನಿಯಮವಿದೆ. ನನಗೆ ಎಲ್ಲ ಬಾಯಿಪಾಠ, ನಿಮಗೆ ಮೂರು ಗೊತ್ತಿದ್ದರೆ ಸಾಕು. ಕಲಂ ಐದು: ತೆರೆದ ಬಾಗಿಲಿಗೆ ಮಾರುವವರು ಬಂದು, ಹೊಸ್ತಿಲೇರಿ ನಿಂತು ಕೂಗಿ, ವ್ಯಾಪಾರ ಮುಗಿಸಿ ‘ಹೋಗಿ ಬರ್ತೀನಿ’ ಎನ್ನಬೇಕು. ಅಂದರೆ ಮಾತ್ರ ಅದು ಮುಚ್ಚಿಕೊಳ್ಳುತ್ತದೆ, ಮನೆಯವರು ದೂಡಿದರೆ ಮುಚ್ಚುವುದಿಲ್ಲ. ಕಲಂ ಒಂಬತ್ತು: ಮಾರುವವರು ಸತ್ತರೆ ಅಥವಾ ಊರು ಬಿಟ್ಟರೆ ಅವರ ಕಡೆಯವರು ಕಚೇರಿಗೆ ಬಂದು ಕೂಗನ್ನು ಒಪ್ಪಿಸಬೇಕು. ಒಪ್ಪಿಸಿದ ಕೂಗಿಗೆ ಬಾಗಿಲುಗಳು ಕಿವುಡು. ಕಲಂ ಹನ್ನೆರಡು: ಪರರ ಕೂಗನ್ನು ಯಾರದೇ ಹೊಸ್ತಿಲೇರಿ ನಿಂತು ಕೂಗಿದವರು ಆ ಕೂಗಿಗೆ ಬಾಧ್ಯರು.

ಬಾಧ್ಯರು ಎಂದರೆ ಏನೆಂದು ನಾವು ಯಾರನ್ನೂ ಕೇಳುವುದಿಲ್ಲ, ಬಸಲಿಂಗಪ್ಪ ಮೇಷ್ಟ್ರನ್ನು ನೋಡುತ್ತೇವೆ. ನನಗೆ ಗಣಿತ ಕಲಿಸಿದವರು. ಒಂದು ದಿನ ಸೊಸೆಯನ್ನು ಏಮಾರಿಸಲು ತಮ್ಮ ಹೊಸ್ತಿಲ ಮೇಲೇ ನಿಂತು ಮಜ್ಜಿಗೆಯವಳ ಹಾಗೆ ಕೂಗಿದರು. ಸೊಸೆ ಚೊಂಬು ಹಿಡಿದು ಓಡಿ ಬಂದಳು, ಎಲ್ಲರೂ ನಕ್ಕರು. ಮರುದಿನ ತರಗತಿಯಲ್ಲಿ ಮಗ್ಗಿ ಹೇಳಲು ಬಾಯಿ ತೆರೆದರೆ ಮಜ್ಜಿಗೆಯ ಕೂಗು ಬಂತು. ಈಗಲೂ ತಲೆಯ ಮೇಲೆ ಮಡಕೆ ಹೊತ್ತು ಬೀದಿ ಬೀದಿ ತಿರುಗುತ್ತಾರೆ. ಎದುರಿಗೆ ಸಿಕ್ಕ ಹಳೆಯ ವಿದ್ಯಾರ್ಥಿಗಳ ಮುಖ ನೋಡುವುದಿಲ್ಲ. ನಾನು ಕೂಗು ಮಾಡುವುದಿದ್ದರೆ ಬ್ಯಾಂಕಿನ ಹಿಂದಿನ ಗೋದಾಮಿನಲ್ಲಿ ಮಾಡುತ್ತಿದ್ದೆ. ಅಲ್ಲಿರುವುದು ರೋಲಿಂಗ್ ಶಟರ್, ಅದಕ್ಕೆ ಹೊಸ್ತಿಲೂ ಇಲ್ಲ, ಕಿವಿಯೂ ಇಲ್ಲ.

ಪರವಾನಗಿ ಕೊಡುವವನು ಪಟ್ಟಾಭಿ. ಕಾಲೇಜಿನಲ್ಲಿ ನನ್ನ ಪಕ್ಕದಲ್ಲೇ ಕೂತು ನನ್ನದೇ ಉತ್ತರ ನೋಡಿ ಬರೆದು ನನಗಿಂತ ಹೆಚ್ಚು ಅಂಕ ತೆಗೆದವನು. ಗುಮಾಸ್ತ ಎಂಬ ಮಾತಿನಲ್ಲೇ ಅರ್ಧ ಗುಮ್ಮ ಇದ್ದಾನೆ ಎಂದು ನಾನು ರೇಗಿಸುತ್ತಿದ್ದೆ. ಪರವಾನಗಿಯ ಬಾಲದಲ್ಲೊಂದು ನಗಿ ಇದೆಯಲ್ಲ, ಅದನ್ನಾದರೂ ನಗೋ ಎಂದರೆ ನಗುತ್ತಿರಲಿಲ್ಲ. ಅವನ ಕಚೇರಿಯ ಅಂಗಳದಲ್ಲಿ ಗೋಡೆಯಿಲ್ಲದೆ ಒಂಟಿಯಾಗಿ ನಿಂತ ಬಾಗಿಲೊಂದಿದೆ. ಮಾದರಿ ಬಾಗಿಲು. ವರ್ಷಕ್ಕೊಮ್ಮೆ ಪ್ರತಿ ಮಾರಾಟಗಾರನೂ ಅದರ ಮುಂದೆ ನಿಂತು ಕೂಗಬೇಕು. ಅದು ಒಂಬತ್ತು ಇಂಚಾದರೂ ತೆರೆಯಬೇಕು. ಪಟ್ಟಾಭಿ ಮರದ ಅಡಿಪಟ್ಟಿ ಇಟ್ಟು ಅಳೆದು ಮೊಹರು ಒತ್ತುತ್ತಾನೆ.

ಎರಡು ವರ್ಷದ ಹಿಂದೆ ಆ ಅಂಗಳದಲ್ಲಿ ನಡೆದದ್ದಕ್ಕೆ ನಾನೂ ಸಾಕ್ಷಿ. ತಿಪ್ಪಕ್ಕ ಬಂದಿದ್ದಳು. ಮೂವತ್ತು ವರ್ಷದಿಂದ ಬುಟ್ಟಿ ಹೊತ್ತು ನಮ್ಮೂರಲ್ಲಿ ಸೂಜಿ ಪಿನ್ನು ಮಾರುತ್ತಿದ್ದ ಮುದುಕಿ. ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ, ಬಾಚುವಾಗ ಉದುರಿದ ಕೂದಲು ತೆಗೆದುಕೊಳ್ಳುತ್ತಿದ್ದಳು. ನಮ್ಮ ಹೆಂಗಸರೆಲ್ಲ ಉದುರಿದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲೋ ಹಳೆಯ ಡಬ್ಬಿಯಲ್ಲೋ ಅವಳಿಗೆಂದೇ ಇಟ್ಟಿರುತ್ತಿದ್ದರು. ಅವಳು ಸೆರಗು ಬಿಗಿದುಕೊಂಡು ಮಾದರಿ ಬಾಗಿಲ ಮುಂದೆ ಕೂಗಿದಳು. ದನಿ ನಡುವೆ ಒಡೆಯಿತು. ಬಾಗಿಲು ನಿಧಾನಕ್ಕೆ ಸರಿದು ನಿಂತಿತು. ಪಟ್ಟಾಭಿ ಅಡಿಪಟ್ಟಿ ಇಟ್ಟ. ಏಳಿಂಚು.

“ವಯಸ್ಸಾತಲ್ಲಪ್ಪ,” ಎಂದಳು ತಿಪ್ಪಕ್ಕ. “ನಂಗೂವೆ, ಬಾಗ್ಲಿಗೂವೆ.”

ನಾಳೆ ಇನ್ನೊಂದು ಸಲ ಅಳೆಯಿರಿ, ಗಂಟಲು ಸರಿಯಾಗಿರುತ್ತೆ ಎಂದು ಕೇಳಿಕೊಂಡಳು. ಪಟ್ಟಾಭಿ ಆಗಲೇ ಮುಂದಿನವರನ್ನು ಕರೆಯುತ್ತಿದ್ದ. ಹಿಂದೆ ನಿಂತಿದ್ದ ನಾನು ಸುಮ್ಮನಿರಬೇಕಿತ್ತು. ಸುಮ್ಮನಿರದೆ, ಮೆಲ್ಲಗೆ, ಅವಳದೇ ದನಿಯಲ್ಲಿ ‘ಬಾಗ್ಲಿಗೂವೆ’ ಎಂದೆ. ಸಾಲಿನಲ್ಲಿದ್ದವರು ನಕ್ಕರು. ಅವಳು ತಿರುಗಿ ಸಿಟ್ಟಿಲ್ಲದೆ ನನ್ನನ್ನು ಬಹಳ ಹೊತ್ತು ನೋಡಿದಳು, ಸಂತೆಯಲ್ಲಿ ಕರುವಿನ ಹಲ್ಲು ನೋಡುವ ಹಾಗೆ.

“ಚೆನ್ನಾಗ್ ಬಂತು ಕಣಪ್ಪ. ಬಿಡಬ್ಯಾಡ ಅದ್ನ,” ಎಂದಳು.

ಆಮೇಲೆ ಅವಳನ್ನು ಊರಿನಲ್ಲಿ ಯಾರೂ ನೋಡಲಿಲ್ಲ. ಎರಡು ತಿಂಗಳಿಗೆ, ಮಗಳ ಊರಿನಲ್ಲಿ ತೀರಿಕೊಂಡಳಂತೆ ಎಂಬ ಸುದ್ದಿ ಬಂತು. ಕೂಗು ಏನಾಯಿತು ಎಂದು ನಾನೇ ಪಟ್ಟಾಭಿಯನ್ನು ಕೇಳಿದೆ. “ಮಗಳು ಬಂದು ಒಪ್ಪಿಸಿ ಹೋದ್ಳು ಕಣೋ. ಬೇಕಾದ್ರೆ ಪುಸ್ತಕ ನೋಡು,” ಎಂದು ದಾಖಲೆ ಪುಸ್ತಕವನ್ನು ನನ್ನ ಮುಂದೆ ನೂಕಿದ. ಅವನ ಗುಂಡು ಅಕ್ಷರದಲ್ಲಿ ‘ಒಪ್ಪಿಸಲಾಗಿದೆ’ ಎಂದಿತ್ತು. ನಾನು ನಂಬಿದೆ. ನನ್ನ ಉತ್ತರ ನೋಡಿ ಬರೆದವನ ಉತ್ತರವನ್ನು ನಾನು ನಂಬಬಾರದಿತ್ತು.

ಅದಾದ ಮೇಲೆ ಪಟ್ಟಾಭಿ ಒಂದು ಥರ ಆದ. ಮಧ್ಯಾಹ್ನ ಮೂರು ಗಂಟೆ ಹತ್ತಿರವಾದರೆ, ಎಲ್ಲಿದ್ದರೂ ಮನೆಗೆ ಹೋಗುತ್ತಿದ್ದ. ಅದು ಅವರ ಬೀದಿಗೆ ತಿಪ್ಪಕ್ಕ ಬರುತ್ತಿದ್ದ ಹೊತ್ತು. ಒಂದು ದಿನ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ, ಮೂರಕ್ಕೆ ನಮ್ಮ ಮನೆ ಚಿಲಕ ಅದುರುತ್ತೆ ಕಣೋ ಎಂದು ಹೇಳಿ, ಹೇಳಿದ್ದಕ್ಕೆ ತನ್ನನ್ನೇ ಬೈದುಕೊಂಡ. ಅದೇ ವಾರ ನನಗೆ ಅಂಚೆಯಲ್ಲಿ ಅವನ ಸಹಿಯ ನೋಟೀಸು ಬಂತು. ಮದುವೆಯೊಂದರಲ್ಲಿ ನಾನು ಬಳೆಗಾರನ ಕೂಗಿನ ಅರ್ಧವನ್ನು ಅನುಕರಿಸಿದ್ದೇನೆ, ಇನ್ನರ್ಧ ಅನುಕರಿಸಿದರೆ ಕ್ರಮ ಜರುಗಿಸಲಾಗುವುದು. ಎದುರು ಕೂತು ಕಾಫಿ ಕುಡಿದವನು ಅಂಚೆಯಲ್ಲಿ ನೋಟೀಸು ಕಳಿಸಿದನಲ್ಲ ಎಂದು ನನಗೆ ರೇಗಿಹೋಯಿತು. ಇವನನ್ನು ಒಂದು ಸಲ ಹೆದರಿಸಬೇಕು ಎಂದುಕೊಂಡೆ. ಒಪ್ಪಿಸಿದ ಕೂಗು ಸತ್ತ ಹಾವು. ತೋರಿಸಿದರೆ ಅವನು ಹೆದರುತ್ತಾನೆ, ಅದು ಕಚ್ಚುವುದಿಲ್ಲ.

ಅವನ ಹೆಂಡತಿ ವಸುಮತಿ ಹನ್ನೊಂದು ದಿನದ ಬಾಣಂತಿ ಎಂಬುದು ನನಗೆ ಗೊತ್ತಿತ್ತು. ಚಿಲಕಕ್ಕೆ ಬೇವಿನ ದಂಡೆ ಇದೆಯಲ್ಲ, ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡದ್ದೂ ನೆನಪಿದೆ.

ಅವರ ಬೀದಿಯಲ್ಲಿ ಹದಿನೇಳು ಮನೆ. ಮೂಲೆಯಲ್ಲಿ ಒಂದು ನೀರಿನ ತೊಟ್ಟಿ. ಮೂರು ಗಂಟೆಗೆ ನಾನು ಅದರ ಹಿಂದೆ ಕುಕ್ಕರಗಾಲಲ್ಲಿ ಕೂತು ಗಂಟಲು ಸರಿಮಾಡಿಕೊಂಡು ತಿಪ್ಪಕ್ಕನ ಕೂಗು ತೆಗೆದೆ. ‘ಸೂಜೀ... ದಬ್ಬಣಾ... ಕೂದ್ಲಿಗ್ ಪಿನ್ನಾ...’ ನಡುವೆ ದನಿ ಒಡೆಯುವುದನ್ನೂ ಬಿಡಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಯಾವುದನ್ನೂ ಮಾಡಿರಲಿಲ್ಲ.

ಹದಿನೇಳು ಚಿಲಕಗಳು ಒಟ್ಟಿಗೆ ಸರಿದ ಸದ್ದು ಕೇಳಿತು. ಹದಿನೇಳು ಬಾಗಿಲೂ ಒಳಗೋಡೆಗೆ ಬಡಿಯುವಷ್ಟು ತೆರೆದುಕೊಂಡವು. ಏಳಿಂಚಲ್ಲ, ಪೂರ್ತಿ. ಪಟ್ಟಾಭಿಯ ಮನೆಯ ಬೇವಿನ ದಂಡೆ ಹರಿದು ಮೆಟ್ಟಿಲ ಮೇಲೆ ಬಿತ್ತು.

ತೊಟ್ಟಿಯ ಹಿಂದೆ ನನ್ನ ಬೆನ್ನ ಮೇಲೆ ಇರುವೆ ಹರಿಯುತ್ತಿದ್ದರೂ ಕೈ ಎತ್ತಲಾಗಲಿಲ್ಲ. ಜನ ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ಬೀದಿಯ ಎರಡೂ ಕಡೆ ನೋಡಿದರು. ಬೀದಿಯಲ್ಲಿ ಯಾರೂ ಇರಲಿಲ್ಲ. ಆಮೇಲೆ ಬಾಗಿಲು ದೂಡತೊಡಗಿದರು. ನಮ್ಮೂರಿನಲ್ಲಿ ತೆರೆದ ಬಾಗಿಲನ್ನು ದೂಡುವವರು ಯಾರೂ ಇಲ್ಲ, ಅದು ಆಗುವ ಕೆಲಸವಲ್ಲವೆಂದು ಮಕ್ಕಳಿಗೂ ಗೊತ್ತು. ಆದರೂ ಅವರು ದೂಡುತ್ತಿದ್ದರು. ನಾನು ಕೂತಲ್ಲಿಂದಲೇ ಅವಳ ದನಿಯಲ್ಲಿ ಹೋಗಿ ಬರುವ ಮಾತು ಹೇಳಿ ನೋಡಿದೆ. ಒಂದು ಬಾಗಿಲೂ ಅಲುಗಲಿಲ್ಲ. ಇಳಿಬಿಸಿಲು ಎಲ್ಲ ಮನೆಗಳ ಹೊಸ್ತಿಲ ತನಕ ಬಂದಿತ್ತು, ಒಳಕ್ಕೆ ಹೋಗಿರಲಿಲ್ಲ. ಹೊಸ್ತಿಲಿಂದ ಆಚೆ ಪ್ರತಿ ಮನೆಯೂ ಬಾವಿಯ ಒಳಗಿನ ಹಾಗೆ ಕಪ್ಪಾಗಿತ್ತು. ನೋಡುತ್ತಿದ್ದಂತೆ ಆ ಕಪ್ಪು ಬಿಸಿಲನ್ನು ಒಂದು ಬೆರಳಿನಷ್ಟು ಹೊರಕ್ಕೆ ನೂಕಿತು.

ಎರಡನೇ ಮನೆಯ ಲಚ್ಚಜ್ಜಿ ಜಗುಲಿಯ ಮೇಲೆ ಕೂತು ಎದುರು ಮನೆಯವರಿಗೆ ಹೇಳುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಅವಳ ತಾಯಿಯ ಕಾಲದಲ್ಲಿ ಹೀಗೇ ಒಂದು ಬೀದಿ ತೆರೆದುಕೊಂಡಿತ್ತಂತೆ, ದೀಪ ಹಚ್ಚುವ ಹೊತ್ತಾದರೂ ಮುಚ್ಚಲಿಲ್ಲವಂತೆ. “ಕೆರೆ ಕೆಳಗೆ ಬಯಲಿದೆಯಲ್ಲ, ಹುಡುಗರು ಆಡೋದು,” ಎಂದಳು. “ಅದೇ ಆ ಬೀದಿ.”

ಆ ಬಯಲಿನಲ್ಲಿ ನಾನೂ ಆಡಿದ್ದೇನೆ. ಒಂದು ಇಟ್ಟಿಗೆ ಚೂರು ಕೂಡ ಅಲ್ಲಿ ಸಿಕ್ಕಿದ್ದಿಲ್ಲ.

ನನ್ನನ್ನು ಯಾರೂ ನೋಡಿರಲಿಲ್ಲ. ತೊಟ್ಟಿಯ ಹಿಂದಿನ ಓಣಿಯಲ್ಲಿ ಹೋದರೆ ನೂರು ಹೆಜ್ಜೆಗೆ ವಾಚನಾಲಯ. ಬೀದಿಯಲ್ಲಿ ನಿಂತು ಕೂಗಿದವನಿಗೆ ಕಲಂ ಹನ್ನೆರಡು ಅಂಟುವುದಿಲ್ಲ, ಹೊಸ್ತಿಲೇರಿದವನಿಗೆ ಮಾತ್ರ. ಎರಡು ಹೆಜ್ಜೆ ಹಿಂದಕ್ಕೆ ಇಟ್ಟೂ ಇಟ್ಟೆ. ಪಟ್ಟಾಭಿಯ ಮನೆಯೊಳಗೆ ಮಗು ಅಳುತ್ತಿತ್ತು. ಬಾಗಿಲು ಹಾಕ್ರೀ, ಮಗೂಗೆ ಗಾಳಿ ಎಂದು ವಸುಮತಿ ಹೇಳುತ್ತಿದ್ದಳು. ಪಟ್ಟಾಭಿ ಭುಜ ಕೊಟ್ಟು ದೂಡುತ್ತಿದ್ದ. ಅಳು ಮುಂದುವರಿದಿದ್ದರೆ ನಾನು ಓಡಿಬಿಡುತ್ತಿದ್ದೆನೇನೋ. ಅದು ತಟ್ಟನೆ ನಿಂತುಹೋಯಿತು.

ಬೀದಿಯ ಮೊದಲ ಮನೆ ಟೈಲರ್ ಮಹಬೂಬನದು. ನಾನು ತೊಟ್ಟಿಯ ಹಿಂದಿನಿಂದ ಎದ್ದು ಅತ್ತ ನಡೆದದ್ದನ್ನು ನೋಡಿದ ಕೂಡಲೇ ಅವನಿಗೆ ಎಲ್ಲ ತಿಳಿಯಿತು. ಬೈಯಲಿಲ್ಲ. ಕೈ ಅಡ್ಡ ಹಿಡಿದ.

“ಬ್ಯಾಡ ಚಕ್ರಪಾಣಿ. ಮೆಟ್ಲು ಹತ್ಬ್ಯಾಡಿ. ಮೇಷ್ಟ್ರನ್ನ ನೋಡೀರಲ್ಲ.”

ಹತ್ತಿದೆ. ಹೊಸ್ತಿಲ ಮೇಲೆ ನಿಂತು ಕೂಗಿದೆ. ನನ್ನ ಎದೆಯೊಳಗೆ ಒಂದು ಚಿಲಕ ಸರಿದಂತಾಯಿತು. ಮಹಬೂಬ ಒಳಗೆ ಹೋಗಿ, ಹೊಲಿಗೆ ಯಂತ್ರದ ಡ್ರಾಯರಿನಲ್ಲಿದ್ದ ಸೂಜಿಯ ಕಾಗದಗಳನ್ನೆಲ್ಲ ತಂದು ನನ್ನ ಜೇಬಿಗೆ ತುಂಬಿದ. ಬರಿಗೈಯಲ್ಲಿ ವ್ಯಾಪಾರ ಆಗುವುದಿಲ್ಲವಲ್ಲ. ಅದರಿಂದಲೇ ಒಂದು ಸೂಜಿ ತೆಗೆದು ಅವನಿಗೆ ಕೊಟ್ಟೆ, ಅವನ ಹೆಂಡತಿ ಡಬ್ಬಿಯಿಂದ ಕೂದಲ ಉಂಡೆ ತಂದು ನನ್ನ ಕೈಗಿಟ್ಟಳು. “ಹೋಗ್ಬತ್ತೀನವ್ವ” ಎಂದೆ. ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ಸದ್ಯ, ಮುಚ್ಚಿಕೊಂಡಿತು. ಇನ್ನು ಹದಿನಾರು.

ಲಚ್ಚಜ್ಜಿಗೆ ಕಣ್ಣು ಮಂಜು. ನನ್ನ ಪ್ಯಾಂಟು ಮೀಸೆ ಅವಳಿಗೆ ಕಂಡವೋ ಇಲ್ಲವೋ, ಅವಳು ಮಾತಾಡಿದ್ದು ದನಿಯ ಜೊತೆಗೆ. ವರ್ಷದ ಕೂದಲನ್ನೆಲ್ಲ ಕಾಗದದಲ್ಲಿ ಸುತ್ತಿಟ್ಟಿದ್ದಳು. ಕೊಡುತ್ತಾ, ಎಂದಿನ ಸಲಿಗೆಯಲ್ಲಿ ಕೇಳಿದಳು.

“ಎಲ್ಲಿ ಸತ್ತಿದ್ಯೇ ತಿಪ್ಪಿ, ಇಷ್ಟು ದಿನ?”

“ಮಗಳ ಮನ್ಯಾಗೆ ಕಣವ್ವ,” ಎಂದಿತು ನನ್ನ ಬಾಯಿ. “ಬೇಸ್ತವಾರ. ಬಾಯಿಗ್ ನೀರ್ ಬಿಡೋರೂ ಇರ್ನಿಲ್ಲ.”

ಅವಳು ಸತ್ತದ್ದು ಯಾವ ವಾರವೆಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಯೋಚಿಸಿ ಆಡಿದ ಮಾತಲ್ಲ ಅದು. ಅಜ್ಜಿಯ ಕೈ ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಆಮೇಲೆ ಎರಡು ಸೂಜಿಯ ಬದಲು ಒಂದನ್ನೇ ತೆಗೆದುಕೊಂಡು, ಹೋಗಿ ಬಾ ಎನ್ನದೆ ಸುಮ್ಮನೆ ತಲೆ ತಗ್ಗಿಸಿದಳು.

ಮೂರನೆಯ ಮನೆ, ನಾಲ್ಕನೆಯ ಮನೆ. ನಾನು ಕೂದಲು ತುಂಬಿಕೊಳ್ಳಲು ಅಂಗಿ ಬಿಚ್ಚಿ ಜೋಳಿಗೆ ಮಾಡಿಕೊಂಡೆ. ಬಾಯಿ ತಾನಾಗಿ ಮಾತಾಡುತ್ತಿತ್ತು. ಯಾರ ಮನೆಯ ಸೊಸೆಗೆ ಹೆರಿಗೆಯ ಮೇಲೆ ಕೂದಲು ಉದುರಿತು, ಯಾರು ಸವುರಿ ಹಾಕಿ ಜಡೆ ಉದ್ದ ಮಾಡಿಕೊಳ್ಳುತ್ತಾರೆ, ಯಾರ ಡಬ್ಬಿಯಲ್ಲಿ ಎರಡು ಬಣ್ಣದ ಕೂದಲಿದೆ, ಎಲ್ಲ ಅದಕ್ಕೆ ಗೊತ್ತಿತ್ತು. ಜನ ನನ್ನ ಮುಖ ನೋಡುವುದನ್ನು ಬಿಟ್ಟರು. ನೆಲ ನೋಡುತ್ತಾ ಉತ್ತರ ಕೊಟ್ಟರು. ಹನ್ನೆರಡನೆಯ ಮನೆ ಮುಗಿದಾಗ ಬೀದಿಯ ನಡುವೆ ನಿಂತು ನನ್ನ ಹೆಸರು ಹೇಳಿಕೊಳ್ಳಲು ನೋಡಿದೆ. ಗಂಟಲಿನ ತನಕ ಬಂದು, ತುಟಿಯಲ್ಲಿ ಅದು ‘ಸೂಜೀ’ ಆಯಿತು. ಅಮ್ಮನ ನೆನಪಾಯಿತು. ಈ ದನಿಯಲ್ಲಿ ಮನೆಗೆ ಹೋಗಿ ಏನೆಂದು ಕರೆಯಲಿ ಎಂದು ಓಣಿಯ ಕಡೆ ತಿರುಗಿ ನೋಡಿದೆ. ಆದರೆ ಉಳಿದ ಐದು ಬಾಗಿಲುಗಳಲ್ಲಿ ಕಪ್ಪು ಹೊಸ್ತಿಲು ದಾಟಿ ಮೊದಲ ಮೆಟ್ಟಿಲಿಗೆ ಇಳಿದಿತ್ತು.

ಪಟ್ಟಾಭಿಯದು ಕೊನೆಯ ಮನೆ. ಸೂರ್ಯ ತಾರಸಿಗಳ ಹಿಂದೆ ಹೋಗಿದ್ದ. ಪಟ್ಟಾಭಿ ಅಡಿಪಟ್ಟಿಯನ್ನು ಕತ್ತಿಯ ಹಾಗೆ ಹಿಡಿದು ನಿಂತಿದ್ದ. ಹಿಂದೆ, ಕತ್ತಲಲ್ಲಿ, ವಸುಮತಿ ತಲೆಗೆ ಬಟ್ಟೆ ಕಟ್ಟಿಕೊಂಡು ಮಗುವನ್ನು ಎದೆಗೆ ಒತ್ತಿ ಕೂತಿದ್ದಳು. ಮಗುವಿನ ಕಣ್ಣು ತೆರೆದಿತ್ತು. ಉಸಿರಾಡುತ್ತಿತ್ತು. ಅಳುತ್ತಿರಲಿಲ್ಲ.

“ಚಕ್ರ,” ಎಂದ ಪಟ್ಟಾಭಿ. “ನೀನೇ ತಾನೇ?”

ಹೌದು ಎನ್ನಬೇಕೆಂದು ಎಷ್ಟು ಪ್ರಯತ್ನಪಟ್ಟೆನೋ ನನಗೇ ಗೊತ್ತು.

“ಕೂದ್ಲಿಟ್ಟೀಯೇನವ್ವ?” ಎಂದಿತು ಬಾಯಿ, ಅವನನ್ನು ಬಿಟ್ಟು, ವಸುಮತಿಯ ಕಡೆಗೆ.

ಇಟ್ಟಿಲ್ಲ ಎಂದಳು ಅವಳು. ಹೋದ ವರ್ಷ ಇವರೇ ಡಬ್ಬಿ ಸಮೇತ ಎಸೆದರು ಎಂದಳು. 

“ಮಗೀಗೆ ಸೊಂಪಾಗ್ ಬಂದೈತೆ, ಕೂದ್ಲು.”

ಪಟ್ಟಾಭಿ ಬಾಗಿಲಿನ ಪೂರ್ತಿ ಅಗಲಕ್ಕೆ ಕೈ ಚಾಚಿ ನಿಂತ. ನನ್ನ ಕಾಲು ಹೊಸ್ತಿಲ ಮೇಲೆ ಇತ್ತು. ಇನ್ನೊಂದು ಕಾಲು ಒಳಕ್ಕೆ ಏಳುತ್ತಿದೆ ಎಂದು ತಿಳಿದಾಗ ನಾನು ಬಾಗಿಲುವಾಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಉಗುರು ಮರಕ್ಕೆ ಇಳಿಯಿತು. ನನ್ನದು ಎಂದು ಉಳಿದದ್ದು ಆ ಕೈ ಎರಡೇ.

“ತಿಪ್ಪಕ್ಕ, ತಪ್ಪು ನಂದು,” ಎಂದ ಪಟ್ಟಾಭಿ. ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. “ನಿಮ್ಮ ಮಗಳು ಬಂದೇ ಇರ್ಲಿಲ್ಲ. ಮೇಲಿನವ್ರು ಕೇಳಿದ್ರು, ಒಪ್ಪಿಸಿದಾರೆ ಅಂತ ನಾನೇ ಬರ್ಕೊಂಡೆ. ತಾಯಿ ಮಗೂ ತಂಟೆಗೆ ಹೋಗ್ಬೇಡಿ. ನಿಮಗೇನು ಬೇಕು ಹೇಳಿ.”

 ಬಾಯಿ, ಆವತ್ತು ಕಚೇರಿಯ ಅಂಗಳದಲ್ಲಿ ಕೇಳಿಕೊಂಡಷ್ಟೇ ವಿನಯದಿಂದ ಹೇಳಿತು.

“ಇನ್ನೊಂದ್ ಕಿತ ಅಳೀರಿ ಸ್ವಾಮಿ.”

ಅವನು ಬಗ್ಗಿದ. ಅಡಿಪಟ್ಟಿಯನ್ನು ಬಾಗಿಲುವಾಡಕ್ಕೆ ತಾಗಿಸಿದ. ಒಂದು ಸಲ ಇಟ್ಟ, ಎರಡನೆಯ ಸಲ ಇಟ್ಟ, ಮೂರನೆಯ ಸಲ ಇಟ್ಟ. ಮೂವತ್ತಾರು ಇಂಚು ಎಂದ.

“ಏಟು ಬೇಕಿತ್ತು?”

“ಒಂಬತ್ತು.”

“ಹಂಗಾರೆ ಬರ್ಕೊಡಿ.”

ಮನೆಯಲ್ಲಿ ಫಾರಂ ಇರಲಿಲ್ಲ. ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ಬರೆದ. ಅಭ್ಯಾಸಬಲ, ಆ ಹೊತ್ತಿನಲ್ಲೂ ಒಂದೊಂದೇ ಅಂಕಣ ಕೇಳಿ ತುಂಬಿಸಿದ. ಸರಕು ಏನು, ಸೂಜಿ ಪಿನ್ನು. ಹೆಸರು ಏನು, ತಿಪ್ಪಕ್ಕ. ವಾಸ ಎಲ್ಲಿ ಎಂದು ಕೇಳಿದಾಗ ಬಾಯಿ ತಡೆಯದೆ ಹೇಳಿತು, ವಾಚನಾಲಯದ ಹಿಂದುಗಡೆ, ಮೂರನೇ ಮನೆ. ಪಟ್ಟಾಭಿಯ ಪೆನ್ನು ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದ. ಅದು ನನ್ನ ಮನೆ. ಎಷ್ಟೋ ಸಲ ಅಲ್ಲಿ ಊಟ ಮಾಡಿದವನು. ಬರೆಯಲೇ ಎಂದು ಕಣ್ಣಿನಲ್ಲೇ ಕೇಳಿದ. ಅವನ ಹಿಂದೆ ಮಗುವಿನ ಕಾಲು ಹೊದಿಕೆಯಿಂದ ಹೊರಗೆ ಬಂದಿತ್ತು, ಕೆಂಪಗೆ, ನನ್ನ ಹೆಬ್ಬೆರಳಿನಷ್ಟು. ಬರೆ ಎಂದು ನಾನು ತಲೆಯಾಡಿಸಿದೆ. ತಲೆಯೂ ನನ್ನ ಮಾತು ಕೇಳಿತು, ಅದಕ್ಕೆ ಈಗಲೂ ಋಣಿ.

ಅವನು ಬರೆದ. ಹೋಗ್ಬತ್ತೀನಪ್ಪ ಎಂದಿತು ಬಾಯಿ. ಬಾಗಿಲು ಮುಚ್ಚಿಕೊಂಡಿತು, ಒಳಗೆ ಮಗು ಅತ್ತಿತು, ಬೀದಿಯ ಹದಿನೇಳು ಮನೆಯಲ್ಲೂ ದೀಪ ಹತ್ತಿತು.

ಇದೆಲ್ಲ ಆಗಿ ಹತ್ತು ತಿಂಗಳಾಯಿತು. ಕ್ಯಾಲೆಂಡರಿನ ಹಾಳೆಯ ಮೇಲೆ ಮಾರನೆಯ ದಿನವೇ ಕಚೇರಿಯ ಮೊಹರು ಬಿತ್ತು. ವಾಚನಾಲಯದವರು ನನ್ನನ್ನು ಬಿಡಿಸಿದರು, ಮಾತಾಡಕೂಡದ ಜಾಗದಲ್ಲಿ ಇಂಥ ಬಾಯಿ ಇಟ್ಟುಕೊಳ್ಳುವುದು ಹೇಗೆ. ಬುಟ್ಟಿ ಮಹಬೂಬ ಕೊಡಿಸಿದ. ಬೆಳಗ್ಗೆ ಅಂಗಡಿ ಬೀದಿ, ಮಧ್ಯಾಹ್ನ ಕೆರೆಯ ಕಡೆ. ಮೇಷ್ಟ್ರು ಎದುರು ಸಿಕ್ಕರೆ ಇಬ್ಬರೂ ಒಂದು ಗಳಿಗೆ ನಿಲ್ಲುತ್ತೇವೆ, ಮಾತಾಡುವುದಿಲ್ಲ. ಅವರು ಮಜ್ಜಿಗೆ ಕೊಡುತ್ತಾರೆ, ನಾನು ಕುಡಿಯುತ್ತೇನೆ. ಮನೆಯಲ್ಲಿ ನಾನು ಮಾತಾಡಿದರೆ ಅಮ್ಮ ಎರಡೂ ಕಿವಿ ಮುಚ್ಚಿಕೊಂಡು ನನ್ನ ತುಟಿ ನೋಡುತ್ತಾಳೆ. ತುಟಿ ಇನ್ನೂ ಮಗನದೇ ಅಂತೆ. ಕಾಗದದ ಮೇಲೆ ಮಾತ್ರ ನಾನು ಮೊದಲಿನ ಹಾಗೆ ಇದ್ದೇನೆ, ನೋಡಿದಿರಲ್ಲ.

ಊರು ಹೊಂದಿಕೊಂಡಿತು. ಮೊದಲ ವಾರ ಹೆದರಿದವರು ಎರಡನೆಯ ವಾರ ಮುಗುಳ್ನಕ್ಕರು, ಈಗ ಬಾಯ್ತುಂಬ ನಗುತ್ತಾರೆ. ಮೀಸೆ ತಿಪ್ಪಕ್ಕ ಎಂದು ಹೆಸರಿಟ್ಟಿದ್ದಾರೆ. ನಾನಾಗಿದ್ದರೆ ಇನ್ನೂ ಒಳ್ಳೆಯ ಹೆಸರು ಇಡುತ್ತಿದ್ದೆ. ಆ ಬೀದಿಗೆ ಹೋಗುವುದು ಮೂರು ಗಂಟೆಗೇ. ತೊಟ್ಟಿಯ ಹತ್ತಿರ ನಿಂತು ಕೂಗಿದರೆ ಹದಿನೇಳು ಬಾಗಿಲು ತೆರೆಯುತ್ತವೆ, ಮಕ್ಕಳು ಮೀಸೆ ತಿರುವುವಂತೆ ಮಾಡುತ್ತಾರೆ, ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ.

ಎಲ್ಲರಿಗಿಂತ ಜೋರಾಗಿ ನಗುವವನು ಪಟ್ಟಾಭಿ. ಎಂದೂ ನಗದವನು, ಈಗ ಕಚೇರಿಯಿಂದ ಓಡೋಡಿ ಬಂದು, ನಾನು ಬಾಯಿ ತೆರೆಯುವ ಮೊದಲೇ ನಗತೊಡಗುತ್ತಾನೆ. ಬಾಗಿಲು ತೆರೆದರೆ ಅವನು ಅಲ್ಲಿಯೇ ಕಾಲು ಅಗಲಿಸಿ ನಿಂತಿರುತ್ತಾನೆ. ಕಣ್ಣಲ್ಲಿ ನೀರು, ಕುತ್ತಿಗೆಯ ನರ ಉಬ್ಬಿರುತ್ತದೆ. ಮಗುವಿಗೆ ಈಗ ಮಾತು ಬರುವ ಕಾಲ. ಅಂಬೆಗಾಲಿಡುತ್ತಾ ಅವನ ಕಾಲ ಸಂದಿಯಿಂದ ಹೊಸ್ತಿಲ ಕಡೆಗೇ ಬರುತ್ತದೆ. ಎರಡು ಪುಟ್ಟ ಕೈಗಳನ್ನು ಹೊಸ್ತಿಲ ಮೇಲೆ ಊರಿ, ನನ್ನ ಬಾಯನ್ನೇ ನೋಡುತ್ತಾ, ತುಟಿ ಮುಂದೆ ಮಾಡಿ ‘ಸೂ’ ಎನ್ನುತ್ತದೆ. ಪಟ್ಟಾಭಿ ಅದನ್ನು ಎತ್ತಿಕೊಂಡು ಅದರ ಕಿವಿಗೆ ಬಾಯಿಟ್ಟು ನನ್ನ ದನಿ ಮುಳುಗುವಷ್ಟು ಜೋರಾಗಿ ನಗುತ್ತಾನೆ. ನಾನು ಹೋಗಿ ಬರುವ ಮಾತು ಹೇಳಿ, ಬಾಗಿಲು ಮುಚ್ಚಿ, ಬೀದಿಯವರೆಲ್ಲ ನಗು ಮುಗಿಸಿ ಒಳಗೆ ಹೋದ ಮೇಲೂ, ನಾನು ತೊಟ್ಟಿ ದಾಟುವ ತನಕ ಅವನು ನಗುತ್ತಲೇ ಇರುತ್ತಾನೆ.